ಗೋಡೆಗೆ ಅಂಟಿಸಿದ ದರಪಟ್ಟಿ

ನಮ್ಮ ಮನೆಗೆ ಇಂಟರ್‌ನೆಟ್ ಬಂದದ್ದು ಮಗಳಿಗೆ ಎರಡು ವರ್ಷ ತುಂಬಿದ ತಿಂಗಳಲ್ಲಿ. ಅವಳ ಹುಟ್ಟುಹಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ತಿಂಗಳು ಹೊಸ ಸಂಪರ್ಕಕ್ಕೆ ಶುಲ್ಕ ಮಾಫಿ ಇತ್ತು, ಅಷ್ಟೇ.

ಆಗ ನಾನು ತಿರುವನಂತಪುರದಲ್ಲಿದ್ದೆ, ಹೆಂಡತಿ ಮತ್ತು ಮಗಳು ಕೊಚ್ಚಿಯಲ್ಲಿದ್ದರು. ನನ್ನದು ಕಾಸರಗೋಡು. ಕೇರಳ ಸರಕಾರದ ಕಾನೂನು ಕಾಗದಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಹೆಂಡತಿ ಮೈಸೂರಿನವಳು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ನನಗೆ ಕೊಚ್ಚಿಗೆ ವರ್ಗವಾಗುವಂತಿರಲಿಲ್ಲ, ಏಕೆಂದರೆ ನನ್ನ ಕುರ್ಚಿ ಇದ್ದದ್ದು ತಿರುವನಂತಪುರದಲ್ಲಿ ಮಾತ್ರ. ಅವಳ ಕಂಪನಿಯವರಿಗೆ ತಿರುವನಂತಪುರದಲ್ಲಿ ಆಫೀಸಿರಲಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಸಂಜೆ ನಾನು ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲುಗಾಡಿ ಹತ್ತುವುದು, ಭಾನುವಾರ ಸಂಜೆ ಕೊಚ್ಚಿಯ ಎರ್ನಾಕುಳಂನಲ್ಲಿ ಮತ್ತೆ ಹತ್ತುವುದು ಎಂದು ನಿಶ್ಚಯವಾಗಿತ್ತು.

ಕೊಚ್ಚಿಯ ಮನೆ ಪಾಲಾರಿವಟ್ಟಂ ಜಂಕ್ಷನ್ನಿನಿಂದ ಒಳಗೆ ಹೋಗುವ ಓಣಿಯಲ್ಲಿ, ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನಿ, ಅರವತ್ತು ದಾಟಿದ ಅಮ್ಮಚ್ಚಿ. ಹೆಂಡತಿ ಆಫೀಸಿಗೆ ಹೋದರೆ ಬರುವ ತನಕ ಮಗಳು ಅವರ ಬಳಿಯೇ. ಅವರು ಅವಳಿಗೆ ಕಪ್ಪ, ಅಂದರೆ ಮರಗೆಣಸು, ಬೇಯಿಸಿ ತಿನ್ನಿಸಿದರು, ಮಲಯಾಳ ಕಲಿಸಿದರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಕಾನೂನಿನ ಕನ್ನಡ ಮಾಡುವವನ ಮನೆಯಲ್ಲಿ ಹೀಗಾಯಿತಲ್ಲ ಎಂದು ಊರಲ್ಲಿ ಕೆಲವರು ನಕ್ಕರು. ನಗಲಿ. ಅವರ ಮಕ್ಕಳು ಯಾವ ಭಾಷೆಯಲ್ಲೂ ಉತ್ತರ ಕೊಡುತ್ತಿರಲಿಲ್ಲ.

ನನ್ನನ್ನು ಜಿಪುಣ ಅನ್ನುವವರಿದ್ದಾರೆ. ನಾನು ಜಿಪುಣನಲ್ಲ. ಬೇಡದ್ದಕ್ಕೆ ದುಡ್ಡು ಕೊಡುವುದು ನನಗೆ ಆಗದು. ಪೇಟೆಯಲ್ಲಿ ಮಾರುವುದರಲ್ಲಿ ಹೆಚ್ಚಿನದೆಲ್ಲ ಬೇಡದ್ದೇ ಆಗಿರುವುದು ನನ್ನ ತಪ್ಪಲ್ಲ. ಇಂಟರ್‌ನೆಟ್ಟಿಗೆ ಅರ್ಜಿ ಕೊಡುವಾಗಲೂ ನಾನು ಇದ್ದುದರಲ್ಲಿ ಅತಿ ಕಡಿಮೆಯ ಪ್ಲಾನ್ ಆರಿಸಿದೆ. ತಿಂಗಳಿಗೆ ಒಂದು ಜಿಬಿ. ಅದು ಮುಗಿದರೆ ಆಮೇಲೆ ಪ್ರತಿ ಎಂಬಿಗೂ ಬೇರೆ ದುಡ್ಡು. ಅನ್‌ಲಿಮಿಟೆಡ್ ಅಂತ ಇನ್ನೊಂದಿತ್ತು, ಮೂರು ಪಟ್ಟು ಹೆಚ್ಚು. ಮಿತಿಯೇ ಇಲ್ಲದ ಯಾವ ವಸ್ತುವೂ ಸಂಸಾರಸ್ಥನಿಗೆ ಒಳ್ಳೆಯದಲ್ಲ ಎಂದು ಹೆಂಡತಿಗೆ ಹೇಳಿದೆ.

ಸಂಪರ್ಕದ ಜೊತೆಗೆ ಒಂದು ದರಪಟ್ಟಿ ಕೊಟ್ಟಿದ್ದರು. ಒಂದೇ ಹಾಳೆ, ಮೇಲೆ ಇಂಗ್ಲಿಷ್, ಕೆಳಗೆ ಮಲಯಾಳ. ನಾನು ಎರಡನ್ನೂ ಸಾಲಿಗೆ ಸಾಲು ಹೋಲಿಸಿ ಓದಿದೆ. ಇದು ನಮ್ಮ ವೃತ್ತಿಯ ರೂಢಿ. ಒಂದು ಭಾಷೆಯಲ್ಲಿ ಬಚ್ಚಿಟ್ಟದ್ದು ಇನ್ನೊಂದರಲ್ಲಿ ಸಿಕ್ಕಿಬೀಳುವುದುಂಟು. ಎರಡರಲ್ಲೂ ಇದ್ದದ್ದು ಒಂದೇ: ಡೌನ್‌ಲೋಡ್ ಮಿತಿ ಒಂದು ಜಿಬಿ. ಅಂದರೆ ಮನೆಗೆ ಇಳಿಸಿಕೊಂಡದ್ದಕ್ಕೆ ಮಿತಿ. ಮನೆಯಿಂದ ಹೊರಗೆ ಕಳಿಸುವುದರ ಬಗ್ಗೆ ಚಕಾರವಿರಲಿಲ್ಲ. ಮೊಬೈಲಿನಲ್ಲಿ ಹೋಗುವ ಕರೆಗೆ ದುಡ್ಡು, ಬರುವುದು ಪುಕ್ಕಟೆ. ಇದರಲ್ಲಿ ಬರುವುದಕ್ಕೆ ದುಡ್ಡು, ಹೋಗುವುದು ಪುಕ್ಕಟೆ. ಎಲ್ಲವೂ ಸರಿಯಾಗಿ ಕೂತಿತು.

"ರೀ, ಯಾವುದಕ್ಕೂ ಒಂದು ಫೋನ್ ಮಾಡಿ ಕೇಳಿಬಿಡಿ," ಅಂದಳು ಹೆಂಡತಿ. "ಕಳಿಸೋದೂ ಲೆಕ್ಕಕ್ಕೆ ಬರುತ್ತೇನೋ."

"ಕೇಳ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಬರೆದದ್ದೇ ಉಂಟಲ್ಲ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

"ಕಾಲು ಎಣಿಸಿಯೇ ಹೇಳಿದ್ದು ನಾನು," ಎಂದೆ.

ಸಂಪರ್ಕ ಹಾಕಿಸಲೆಂದು ನಾನು ಎರಡು ದಿನ ರಜೆ ಹಾಕಿ ಬಂದಿದ್ದೆ. ಮರುದಿನ ಅವಳು ಆಫೀಸಿಗೆ ಹೋದ ಮೇಲೆ ಮೈದಾ ಕಲಸಿ, ಕುದಿಸಿ, ಅಂಟು ಮಾಡಿದೆ. ದರಪಟ್ಟಿಯ ಮಿತಿಯ ಸಾಲಿಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ, ಅದನ್ನು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದೆ. ಕಂಪ್ಯೂಟರಿನ ಎದುರು ಕೂತವರಿಗೆ ಮಿತಿ ಸದಾ ಕಣ್ಣೆದುರು ಇರಬೇಕು ಎಂಬುದು ನನ್ನ ವಿಚಾರ. ಗೋಡೆಗೆ ಮೊಳೆ ಹೊಡೆಯಲು ಅಮ್ಮಚ್ಚಿ ಬಿಡುತ್ತಿರಲಿಲ್ಲ, ಹಾಗಾಗಿ ನಾಲ್ಕು ಮೂಲೆಗೆ ಬಳಿದರೆ ಸಾಲದೆಂದು ಹಾಳೆಯ ಬೆನ್ನಿಗೆಲ್ಲ ಅಂಟು ಬಳಿದೆ. ಸಿನಿಮಾ ಪೋಸ್ಟರಿನ ಹಾಗೆ ಕಚ್ಚಿಕೊಂಡಿತು. ಕೆಲಸ ಮಾಡಿದರೆ ಹಾಗೆ ಮಾಡಬೇಕು.

ಮನೆಗೆ ಕೆಲವು ನಿಯಮಗಳನ್ನೂ ಹಾಕಿಕೊಟ್ಟೆ. ಬ್ರೌಸರಿನಲ್ಲಿ ಚಿತ್ರಗಳು ಬರದಂತೆ ಮುಚ್ಚಿಡುವುದು, ಪತ್ರಿಕೆಯನ್ನು ಬರೀ ಅಕ್ಷರದಲ್ಲಿ ಓದುವುದು. ಕೆಲಸ ಮುಗಿದ ಕೂಡಲೇ ಮೋಡೆಮಿನ ಸ್ವಿಚ್ಚು ಆರಿಸುವುದು. ಯಾರೂ ಮುಟ್ಟದಿರುವಾಗಲೂ ಅದರ ದೀಪ ಮಿನುಗುತ್ತಿತ್ತು, ನನಗೆ ಅದರ ಮೇಲೆ ಸಂಶಯ. ಮಗಳು ಅದನ್ನು ನೋಡಿದಾಗಲೆಲ್ಲ ಕೇಕಿನ ಮೇಲಿನ ಮೇಣದಬತ್ತಿ ಅಂದುಕೊಂಡು ಊದುತ್ತಿದ್ದಳು. ಮನೆಯಲ್ಲಿ ನನ್ನ ಪಕ್ಷದಲ್ಲಿದ್ದವಳು ಅವಳೊಬ್ಬಳೇ.

ಮುಖ್ಯ ಯೋಜನೆ ಇದ್ದದ್ದು ಕ್ಯಾಮರಾದ್ದು. ಹೆಂಡತಿಯ ಸಹೋದ್ಯೋಗಿಯೊಬ್ಬಳು ಹಳೆಯ ವೆಬ್‌ಕ್ಯಾಮರಾ ಕೊಟ್ಟಿದ್ದಳು, ಬೆರಳಿನಷ್ಟು ಕತ್ತಿನ ಮೇಲೆ ನಿಂಬೆಹಣ್ಣಿನಷ್ಟು ತಲೆ. ಅದನ್ನು ಮಾನಿಟರಿನ ನೆತ್ತಿಯ ಮೇಲೆ ಕೂರಿಸಿದೆವು. ತಿರುವನಂತಪುರದಲ್ಲಿ ನಾನಿದ್ದ ಲಾಡ್ಜಿನ ಎದುರಿಗೇ ಒಂದು ಇಂಟರ್‌ನೆಟ್ ಕೆಫೆ, ಪ್ಲೈವುಡ್ ಗೂಡುಗಳು, ಗಂಟೆಗೆ ಇಷ್ಟು ಎಂದು ದರ. ಅಲ್ಲಿ ಎಂಬಿಯ ಗೊಡವೆ ಇಲ್ಲ. ದಿನಾ ಸಂಜೆ ಏಳಕ್ಕೆ ನಾನು ಕೆಫೆಯಲ್ಲಿ ಕೂರುವುದು, ಮಗಳು ಮನೆಯ ಕ್ಯಾಮರಾದ ಎದುರು ಕೂರುವುದು. ಅವಳ ಚಿತ್ರ ಮನೆಯಿಂದ ಹೊರಗೆ ಹೋಗುತ್ತದೆ, ಅದು ಪುಕ್ಕಟೆ. ನನ್ನ ಚಿತ್ರ ಮನೆಯೊಳಗೆ ಬಂದರೆ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ನನ್ನ ಚಿತ್ರ ಕಳಿಸಲಿಲ್ಲ. ಧ್ವನಿಯೂ ಒಳಗೆ ಬರುವುದೇ, ಆದರೆ ಅದರ ತೂಕ ಕಡಿಮೆ. ಅಷ್ಟನ್ನು ಮಂಜೂರು ಮಾಡಿದೆ.

ಕೆಫೆಯವನಿಗೆ ಇದು ಅರ್ಥವಾಗಲಿಲ್ಲ. ಕ್ಯಾಮರಾ ಇರುವ ಗೂಡು ಬೇಡ ಎಂದು ಕೇಳುವ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಇದ್ದರೂ ಇಲ್ಲದಿದ್ದರೂ ದುಡ್ಡು ಅಷ್ಟೇ, ಸಾರ್, ಎಂದು ಎರಡು ಸಲ ಹೇಳಿದ. ಮೂರನೆಯ ದಿನದಿಂದ ನನ್ನನ್ನು ಕಂಡೊಡನೆ ತಾನೇ ಎದ್ದು ಬಂದು ಕ್ಯಾಮರಾದ ತಲೆಯನ್ನು ಗೋಡೆಯ ಕಡೆಗೆ ತಿರುಗಿಸಿ ಹೋಗುತ್ತಿದ್ದ.

ಆ ಸಂಜೆಗಳಲ್ಲಿ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡಲಾರೆ. ಚಿತ್ರ ಸರಾಗವಾಗಿ ಬರುತ್ತಿರಲಿಲ್ಲ. ಅವಳ ಕೈ ಇಲ್ಲಿದ್ದದ್ದು ಮುಂದಿನ ಗಳಿಗೆ ಅಲ್ಲಿರುತ್ತಿತ್ತು, ನಡುವಿನ ದಾರಿ ಕಾಣುತ್ತಿರಲಿಲ್ಲ. ಬಾಳೆಹಣ್ಣು ಪೂರ್ತಿಯಾಗಿರುತ್ತಿತ್ತು, ಆಮೇಲೆ ಅರ್ಧವಾಗಿರುತ್ತಿತ್ತು. ಆದರೂ ಮೇಲಿನ ಸಾಲಿನ ಕೊನೆಯ ಹಲ್ಲು ಬಂದದ್ದನ್ನು ನಾನು ನೋಡಿದೆ, ಅಮ್ಮಚ್ಚಿ ಕೂದಲು ಕತ್ತರಿಸಿ ಹಾಳುಮಾಡಿದ್ದನ್ನು ನೋಡಿದೆ, ಅವಳು ಮೊದಲ ಸಲ ಒಂಟಿ ಕಾಲಲ್ಲಿ ನಿಂತು ಚಿತ್ರದಿಂದಲೇ ಕೆಳಗೆ ಬಿದ್ದುಹೋದದ್ದನ್ನೂ ನೋಡಿದೆ. ಪ್ಲೈವುಡ್ಡಿಗೆ ಹಣೆ ತಾಗಿಸಿಕೊಂಡು ಒಬ್ಬನೇ ನಗುತ್ತಿದ್ದೆ. ಪಕ್ಕದ ಗೂಡಿನವರು ಒಂದೆರಡು ಸಲ ಇಣುಕಿ ನೋಡಿದರು.

ಮೊದಲ ವಾರ ಅವಳು "ಅಪ್ಪ ಎವಿಡೆ?" ಎಂದು ಕೇಳುತ್ತಿದ್ದಳು. ಎಲ್ಲಿ ಎಂದು ಮಾನಿಟರಿನ ಹಿಂದೆ ಬಗ್ಗಿ ನೋಡಿದ್ದೂ ಉಂಟು. ನಾನು ಇಲ್ಲೇ ಇದ್ದೇನೆ ಪುಟ್ಟೀ ಎನ್ನುತ್ತಿದ್ದೆ. ಎರಡನೆಯ ವಾರ ಕೇಳುವುದನ್ನು ಬಿಟ್ಟಳು. ಒಗ್ಗಿಕೊಂಡಳು ಎಂದು ನನಗೆ ಸಮಾಧಾನವಾಯಿತು.

"ನಿಮಗೆ ಅವಳು ಕಾಣ್ತಾಳೆ," ಅಂದಳು ಹೆಂಡತಿ ಒಂದು ಸಂಜೆ, ಮಗಳನ್ನು ಆಚೆ ಕಳಿಸಿ ತಾನೇ ಕ್ಯಾಮರಾದ ಎದುರು ಕೂತು. "ಅವಳಿಗೆ ನೀವು ಕಾಣಬೇಡ್ವೇನ್ರೀ?"

"ಮಗುವಿಗೆ ಧ್ವನಿ ಸಾಕು. ಮೊದಲು ಜನ ರೇಡಿಯೋ ಕೇಳಿ ಬದುಕಿದ್ದಲ್ಲವಾ?"

"ರೇಡಿಯೋ ಯಾರಿಗೂ ಅಪ್ಪ ಆಗಿರಲಿಲ್ಲ," ಅಂದಳು. ಆಮೇಲೆ ಎದ್ದು ಹೋದಳು. ಖಾಲಿ ಕುರ್ಚಿಯ ಚಿತ್ರ ಸ್ವಲ್ಪ ಹೊತ್ತು ಬರುತ್ತಿತ್ತು. ಅದೂ ಪುಕ್ಕಟೆಯೇ ಅಲ್ಲವೇ ಎಂದು ನಾನು ನೋಡುತ್ತಾ ಕೂತೆ.

ಉಳಿತಾಯದ ಗುಣವೇನೆಂದರೆ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆಗೂ ಹಬ್ಬುತ್ತದೆ. ದಿನಾ ಮಗಳನ್ನು ಕಾಣುತ್ತಿರುವಾಗ ಪ್ರತಿ ವಾರ ಗಾಡಿಗೆ ದುಡ್ಡು ಯಾಕೆ ಎಂದು ತೋರಿತು. ಎರಡು ವಾರಕ್ಕೊಮ್ಮೆ ಮಾಡಿದೆ. ಆಮೇಲೆ ಒಂದು ದೊಡ್ಡ ಕಾಯ್ದೆಯ ಅನುವಾದ ಬಂತು, ಶನಿವಾರ ಭಾನುವಾರವೂ ಕೂರಬೇಕಾಯಿತು. ಅದು ನೆಪ ಮಾತ್ರ ಎಂದು ಈಗ ಹೇಳಬಲ್ಲೆ. ದಿನಾ ನೋಡುತ್ತಿದ್ದೆನಾದ್ದರಿಂದ ನನಗೆ ಅವಳಿಂದ ದೂರವಿದ್ದೇನೆ ಅಂತಲೇ ಅನ್ನಿಸುತ್ತಿರಲಿಲ್ಲ. ಹಾಗೆ ಏಳು ವಾರ ಕೊಚ್ಚಿಗೆ ಹೋಗಲಿಲ್ಲ. ಸಂಜೆ ನನ್ನನ್ನು ನೋಡುವವರು ಯಾರೂ ಇಲ್ಲದ ಕಾರಣ ಗಡ್ಡ ತೆಗೆಸುವುದನ್ನೂ ಬಿಟ್ಟಿದ್ದೆ. ಕ್ಷೌರದ ದುಡ್ಡೂ ಉಳಿಯಿತು. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನಾನೂ ಹೆಂಡತಿಯೂ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಮಿಸ್ಡ್ ಕಾಲ್ ಕೊಡುತ್ತಿದ್ದೆವು. ನಾನು ಒಂದು ಕೊಟ್ಟರೆ ಕೆಫೆಗೆ ಬಂದೆ ಎಂದು, ಅವಳು ಒಂದು ಕೊಟ್ಟರೆ ಮಗಳು ಕೂತಿದ್ದಾಳೆ ಎಂದು. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವಳ ಕರೆ ಬಂದು, ನಿಲ್ಲದೆ, ರಿಂಗಾಗುತ್ತಲೇ ಇತ್ತು. ಏನೋ ಅನಾಹುತವಾಗಿದೆ ಎಂದು ಎತ್ತಿಕೊಂಡೆ.

"ಮಗು ಎಲ್ಲಿ?" ಎಂದೆ.

"ಮಗು ಚೆನ್ನಾಗಿದೆ. ಬಿಲ್ ಬಂದಿದೆ," ಅಂದಳು. ಮೊತ್ತವನ್ನೂ ಹೇಳಿದಳು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು, ಅದು ಮನೆಬಾಡಿಗೆಯನ್ನು ದಾಟಿತ್ತು. ಅವಳು ಬೇರೇನೂ ಹೇಳಲಿಲ್ಲ. ತಪ್ಪು ಹುಡುಕುವ ಉದ್ಯೋಗದವಳು ಹಾಗೆ ಸುಮ್ಮನಾದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಕೂಡಲೇ ರಜೆ ಬರೆದುಕೊಟ್ಟೆ. ಏಳು ವಾರ ಮಗಳಿಗಾಗಿ ಹತ್ತದ ಗಾಡಿಯನ್ನು ಮರುದಿನ ಬೆಳಿಗ್ಗೆ ಬಿಲ್ಲಿಗಾಗಿ ಹತ್ತಿದೆ. ಆಗ ಇದು ನನಗೆ ಹೊಳೆಯಲಿಲ್ಲ. ದರಪಟ್ಟಿಯ ಮೂಲಪ್ರತಿ ಗೋಡೆಯ ಮೇಲಿತ್ತು, ಅದನ್ನು ಕೀಳುವಂತಿರಲಿಲ್ಲ. ಆದರೆ ನಾನು ಮೊದಲೇ ಅದರ ಒಂದು ನಕಲು ಬರೆದು, ಕೆಳಗೆ "ಮೂಲಕ್ಕೆ ಸರಿಯಾಗಿದೆ" ಎಂದು ಸಹಿ ಹಾಕಿ ಇಟ್ಟುಕೊಂಡಿದ್ದೆ. ಅದನ್ನು ಫೈಲಿಗೆ ದಾರ ಕಟ್ಟಿ ಸೇರಿಸಿದೆ. ಗಾಡಿಯಲ್ಲಿ ಕೂತು ವಾದವನ್ನು ಮೂರು ಸಲ ಮನಸ್ಸಿನಲ್ಲೇ ಮಂಡಿಸಿದೆ, ಮೂರು ಸಲವೂ ಗೆದ್ದೆ.

ಎರ್ನಾಕುಳಂನಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ಮನೆ ಎಲ್ಲೂ ಓಡಿಹೋಗುವುದಿಲ್ಲ, ಆಫೀಸು ಊಟಕ್ಕೆ ಮುಚ್ಚುತ್ತದೆ. ಆಟೋ ಹಿಡಿದು ನೇರ ಬಿಲ್ಲಿನ ಕಚೇರಿಗೆ ಹೋದೆ. ಮೇಜಿನ ಆಚೆ ಇದ್ದದ್ದು ನನ್ನ ತಾಯಿಯ ವಯಸ್ಸಿನ ಒಬ್ಬ ಅಧಿಕಾರಿ. ನನ್ನ ವಾದವನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಅಂಥ ಕೇಳುಗರು ಸಿಗುವುದು ಅಪರೂಪ, ಹಾಗಾಗಿ ನಾನು ಇನ್ನೂ ಸ್ವಲ್ಪ ಲಂಬಿಸಿದೆ. ಆಮೇಲೆ ಅವರು ನನ್ನ ನಕಲನ್ನು ಎತ್ತಿ ಓದಿದರು. ಮಗುಚಿ ನೋಡಿದರು. ಹಿಂದೆ ಖಾಲಿ.

"ಇದಿಂಡೆ ಮರುಪುರಂ ಎವಿಡೆ, ಸಾರ್?"

ಇದರ ಹಿಂಬದಿ ಎಲ್ಲಿ ಎಂದು ಕೇಳುತ್ತಿದ್ದರು. ಹಿಂಬದಿ ಎಂಬುದೊಂದು ಇದೆಯೆಂದು ನಾನು ಯೋಚಿಸಿರಲಿಲ್ಲ. ಅವರು ಡ್ರಾಯರಿನಿಂದ ಒಂದು ದರಪಟ್ಟಿ ತೆಗೆದು, ಮಗುಚಿ, ನನ್ನ ಎದುರು ಇಟ್ಟರು. ಅಲ್ಲಿ ಷರತ್ತುಗಳಿದ್ದವು. ಐದನೆಯದರಲ್ಲಿ, ಬಳಕೆದಾರರು ಪಡೆದದ್ದೂ ಕಳಿಸಿದ್ದೂ ಎರಡೂ ಮಿತಿಯ ಲೆಕ್ಕಕ್ಕೆ ಸೇರುತ್ತವೆ ಎಂದಿತ್ತು. ಇಂಗ್ಲಿಷಿನಲ್ಲೂ ಇತ್ತು, ಮಲಯಾಳದಲ್ಲೂ ಇತ್ತು. ಎರಡರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹದಿಮೂರು ವರ್ಷ ಕಿರಿಯರಿಗೆಲ್ಲ ಕಾಗದ ಕೈಗೆ ಬಂದರೆ ಮೊದಲು ಹಿಂಬದಿ ನೋಡಿ ಎಂದು ಪಾಠ ಹೇಳಿದವನು ನಾನು. ಆ ಹಿಂಬದಿಗೆ ನಾನೇ ಮೈದಾ ಕಾಯಿಸಿ ಬಳಿದಿದ್ದೆ.

"ಕುಡಿಯಲು ಸ್ವಲ್ಪ ನೀರು ಸಿಗಬಹುದೇ?" ಎಂದು ಮಲಯಾಳದಲ್ಲಿ ಕೇಳಿದೆ. ಅವರು ತಮ್ಮ ಬಾಟಲಿಯಿಂದಲೇ ಕೊಟ್ಟರು. ಜೀರಿಗೆ ನೀರು, ಇನ್ನೂ ಬೆಚ್ಚಗಿತ್ತು. ಯಾರನ್ನು ನೋಡಲು ಅಷ್ಟು ಹೊತ್ತು ಕ್ಯಾಮರಾ ಹಾಕುತ್ತಿದ್ದಿರಿ ಎಂದು ಕೇಳಿದರು. ಮಗಳನ್ನು ಎಂದೆ. ಮಗಳಿಗೂ ನಿಮ್ಮನ್ನು ನೋಡಿ ಖುಷಿಯಾಗಿರಬೇಕು ಎಂದರು. ನಾನು ದುಡ್ಡು ಕಟ್ಟಿ ರಸೀದಿ ತೆಗೆದುಕೊಂಡೆ.

ಕಚೇರಿಯಿಂದ ಪಾಲಾರಿವಟ್ಟಂವರೆಗೆ ನಡೆದೇ ಹೋದೆ. ಆಟೋದ ದುಡ್ಡು ಉಳಿಸಲು ಅಲ್ಲ, ಮನೆಗೆ ಬೇಗ ಮುಟ್ಟುವುದು ಬೇಡವಾಗಿತ್ತು. ಎರಡು ಕಡೆಗೂ ಒಂದೇ ಲೆಕ್ಕ. ಹಾಗಾದರೆ ನನ್ನ ಮುಖ ತೋರಿಸದೆ ಉಳಿಸಿದ್ದು ಏನು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮೊದಲಿಂದಲೇ ಅನ್‌ಲಿಮಿಟೆಡ್ ತೆಗೆದುಕೊಂಡಿದ್ದರೆ ಈ ಬಿಲ್ಲಿನ ಅರ್ಧದಲ್ಲಿ ಅವಳು ನನ್ನನ್ನು ದಿನಾ ನೋಡಬಹುದಿತ್ತು. ಬಿಸಿಲಿಗೆ ಗಡ್ಡ ತುರಿಸುತ್ತಿತ್ತು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂದಿತ್ತೆಂದರೆ, ದಾರಿಯಲ್ಲಿ ಯಾರಾದರೂ ಕಾಲು ತುಳಿದಿದ್ದರೆ ಅವರಿಗೆ ಕೈಮುಗಿಯುತ್ತಿದ್ದೆ.

ಹೆಂಡತಿ ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದಳು. ಮಗಳು ಕೆಳಗೆ ಅಮ್ಮಚ್ಚಿಯ ಜಗಲಿಯಲ್ಲಿ ಕೂತಿದ್ದಳು. ನಾನು ಗೇಟು ತೆರೆದು ಒಳಗೆ ಬಂದದ್ದೇ ತಡ, ಎದ್ದು ಅಮ್ಮಚ್ಚಿಯ ಬಿಳಿ ಮುಂಡಿನ ಹಿಂದೆ ಸೇರಿಕೊಂಡಳು. ನಾನು ಫೈಲನ್ನು ಕಂಕುಳಲ್ಲಿ ಇರುಕಿಕೊಂಡೆ. ಸುಮ್ಮನೆ ಕೈ ಚಾಚಿದೆ.

"ಮೋಳೇ, ಇದು ಅಪ್ಪ ಅಲ್ಲೇ?" ಎಂದು ಅಮ್ಮಚ್ಚಿ ಅವಳನ್ನು ಮುಂದಕ್ಕೆ ಎಳೆದರು. ಇದು ನಿನ್ನ ಅಪ್ಪ ತಾನೇ ಎಂದು.

ಅವಳು ನನ್ನ ಗಡ್ಡವನ್ನೂ ಫೈಲನ್ನೂ ಸರಿಯಾಗಿ ನೋಡಿದಳು. "ಅಲ್ಲ," ಅಂದಳು.

ಆ ಮಾತಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಒಂದೇ ಅರ್ಥ. ನಾನು ಮೆಟ್ಟಿಲು ಹತ್ತಿ ಮನೆಗೆ ಹೋದೆ.

ಹೆಂಡತಿ ಅಡಿಗೆಮನೆಯಲ್ಲಿ ಚಹಾ ಇಟ್ಟಿದ್ದಳು. ನನ್ನ ಮುಖ ನೋಡಿ ಲೋಟ ಕೊಟ್ಟಳು. ಮಗಳನ್ನು ಅಮ್ಮಚ್ಚಿ ಮೇಲಕ್ಕೆ ತಂದು ಬಾಗಿಲಲ್ಲಿ ಬಿಟ್ಟು ಹೋದದ್ದು ನನಗೆ ಗೊತ್ತಾಗಲಿಲ್ಲ. ನಾನು ಗೋಡೆಗೆ ಒರಗಿ ನಿಂತು ಹೆಂಡತಿಗೆ ಹೇಳಿದೆ:

"ನೀನು ಹೇಳಿದ್ದೇ ಸರಿ. ಎರಡು ಕಡೆದೂ ಲೆಕ್ಕ ಉಂಟು. ನನ್ನದೇ ತಪ್ಪಾಯ್ತು ಮಾರಾಯ್ತಿ."

ಮನೆಯಲ್ಲಿ ಪುಟ್ಟ ಹೆಜ್ಜೆಗಳು ಓಡಿದ ಸದ್ದಾಯಿತು. ಅವು ಅಡಿಗೆಮನೆಯ ಕಡೆಗೆ ಬರಲಿಲ್ಲ, ಒಳಕೋಣೆಯ ಕಡೆಗೆ ಹೋದವು. ಸ್ಟೂಲು ಎಳೆದ ಸದ್ದು ಕೇಳಿಸಿತು. ಹೆಂಡತಿ ಗ್ಯಾಸ್ ಆರಿಸಿ ನನ್ನನ್ನೇ ನೋಡಿದಳು. ನಾನು ಲೋಟ ಇಟ್ಟು ಒಳಕೋಣೆಯ ಬಾಗಿಲಿಗೆ ಹೋದೆ.

ಮಗಳು ಕಂಪ್ಯೂಟರಿನ ಎದುರು ಸ್ಟೂಲಿನ ಮೇಲೆ ಕೂತಿದ್ದಳು, ಬೆನ್ನು ನನ್ನ ಕಡೆಗೆ. ಅಪ್ಪನ ಧ್ವನಿ ಕೇಳಿಸಿತ್ತು, ಅಪ್ಪ ಇರುವ ಜಾಗ ಅವಳಿಗೆ ಗೊತ್ತಿತ್ತು. ನನ್ನ ನಿಯಮದಂತೆ ಎಲ್ಲ ಸ್ವಿಚ್ಚುಗಳೂ ಆರಿದ್ದವು. ಮಾನಿಟರು ಕಪ್ಪಗಿತ್ತು. ಅದು ಅವಳಿಗೆ ಏನೂ ಅನ್ನಿಸಲಿಲ್ಲ, ಅವಳ ಪಾಲಿಗೆ ಅಪ್ಪ ಇದ್ದಾಗಲೂ ಅದರಲ್ಲಿ ಮುಖವಿರುತ್ತಿರಲಿಲ್ಲ.

"ಅಪ್ಪಾ, ನೋಕ್ಕ್," ಅಂದಳು. ನೋಡು ಎಂದು. ಲಂಗ ಸರಿಸಿ, ಎರಡೂ ಕೈಯಲ್ಲಿ ಮೊಣಕಾಲನ್ನು ಹಿಡಿದು ಕ್ಯಾಮರಾದ ಎತ್ತರಕ್ಕೆ ಎತ್ತಿದಳು. ಎಲ್ಲೋ ಬಿದ್ದು ಗಾಯ ಮಾಡಿಕೊಂಡಿದ್ದಳು. ಗಾಯ ಆ ಕಡೆಗಿತ್ತು. ನಾನು ನಿಂತಲ್ಲಿಂದ ನನಗೆ ಕಾಣಿಸಲಿಲ್ಲ.

"ಎಲ್ಲಿ ಬಿದ್ದೆ ಪುಟ್ಟೀ?" ಎಂದೆ.

ಅವಳು ತಿರುಗಲಿಲ್ಲ. ಮೆಟ್ಟಿಲಲ್ಲಿ ಎಂದು ಮಲಯಾಳದಲ್ಲಿ ಮಾನಿಟರಿಗೇ ಹೇಳಿದಳು.

"ನೋವುಂಟಾ?"

ಇಲ್ಲ ಎಂದು ತಲೆಯಾಡಿಸಲು ಹೊರಟವಳು ಅರ್ಧದಲ್ಲಿ ನಿಂತಳು. ಕಿಟಕಿಯ ಬೆಳಕಿಗೆ ಮಾನಿಟರಿನ ಕಪ್ಪು ಗಾಜಿನಲ್ಲಿ ಅವಳು ಕಾಣುತ್ತಿದ್ದಳು, ಅವಳ ಹಿಂದೆ ಬಾಗಿಲಲ್ಲಿ ನಿಂತ ನಾನು ಕಾಣುತ್ತಿದ್ದೆ. ಅವಳು ಮೊಣಕಾಲು ಬಿಟ್ಟು ಮುಂದಕ್ಕೆ ಬಾಗಿದಳು. ಗಾಜಿನಲ್ಲಿದ್ದ ನನ್ನ ಗಡ್ಡದ ಮೇಲೆ ಬೆರಳಿಟ್ಟಳು. "ಇನ್ನೊಮ್ಮೆ ಮಾತಾಡಿ," ಎಂದು ಹೆಂಡತಿ ನನ್ನ ಬೆನ್ನ ಹಿಂದಿನಿಂದ ಪಿಸುಗುಟ್ಟಿದಳು.

"ಪುಟ್ಟೀ," ಎಂದೆ.

ಗಾಜಿನಲ್ಲಿ ನನ್ನ ಬಾಯಿ ಆಡಿದ್ದನ್ನು ಅವಳು ನೋಡಿದಳು. "ಅಪ್ಪ," ಅಂದಳು ಮೆಲ್ಲಗೆ, ಆಮೇಲೆ ಗಾಜಿಗೆ ಕೈ ಬೀಸಿದಳು.

ನಾನು ಕೈ ಚಾಚಿದರೆ ಅವಳ ತಲೆ ಸಿಗುವಷ್ಟು ಹತ್ತಿರ ಬಂದು ನಿಂತಿದ್ದೆ. ಮುಟ್ಟಿದರೆ ತಿರುಗಿ ನೋಡಿ ಮತ್ತೆ ಅಲ್ಲ ಅಂದಾಳು ಎಂದು ಹೆದರಿಕೆಯಾಯಿತು. ನಾನೂ ಗಾಜಿಗೇ ಕೈ ಬೀಸಿದೆ.